ಟ್ರಸ್ಟ್ ಆಸ್ಪತ್ರೆ ಅಂದ್ರೆ ಉಚಿತವಾ? ಬಿಲ್ ಕೌಂಟರ್‌ಗೆ ಹೋಗೋ ಮೊದಲು ನಮ್ಮ ಐದು ತಾಲ್ಲೂಕಿನವರು ತಿಳಿದಿರಬೇಕಾದ್ದು

ನಮ್ಮ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಊರು ಬಿಡಲೇಬೇಕು. ಹರಪನಹಳ್ಳಿ, ಕೊಟ್ಟೂರಿನವರು ದಾವಣಗೆರೆ ಬಸ್ ಹತ್ತುತ್ತಾರೆ. ಕೂಡ್ಲಿಗಿಯವರು ಬಳ್ಳಾರಿಗೆ, ಇಲ್ಲವೇ ಹೈವೇ ಹಿಡಿದು ಚಿತ್ರದುರ್ಗ, ದಾವಣಗೆರೆ ಕಡೆಗೆ. ಹಗರಿಬೊಮ್ಮನಹಳ್ಳಿಯವರಿಗೆ ಮೊದಲು ಹೊಸಪೇಟೆ, ಅಲ್ಲಿ ಆಗದಿದ್ದರೆ ಬಳ್ಳಾರಿ. ಹಡಗಲಿಯವರು ಹೊಳೆ ದಾಟಿ ಗದಗ, ಹುಬ್ಬಳ್ಳಿ ಸೇರುತ್ತಾರೆ. ಹೀಗೆ ಹೋಗಿ ಸೇರುವ ಆಸ್ಪತ್ರೆಗಳಲ್ಲಿ ಸರ್ಕಾರಿಯವು ಕೆಲವು, ಪೂರಾ ಖಾಸಗಿಯವು ಕೆಲವು. ಇವೆರಡರ ನಡುವೆ ಇನ್ನೊಂದು ಜಾತಿ ಇದೆ: ಟ್ರಸ್ಟ್, ಸೊಸೈಟಿ, ವಿದ್ಯಾಸಂಸ್ಥೆ ಅಥವಾ ಮಠದ ಹೆಸರಲ್ಲಿ ನಡೆಯುವ ಆಸ್ಪತ್ರೆ. ಹೆಸರಲ್ಲೇ ‘ಚಾರಿಟಬಲ್’ ಅಂತ ಇರುತ್ತದೆ, ಗೋಡೆ ಮೇಲೆ ದಾನಿಗಳ ಹೆಸರು ಕೆತ್ತಿರುತ್ತದೆ.

ಜಗಳ ಆಗುವುದು ಇಲ್ಲೇ. "ಟ್ರಸ್ಟ್ ಅಂತ ಬೋರ್ಡ್ ಐತಲ್ರೀ, ಮತ್ತ ಇಷ್ಟು ಬಿಲ್ ಯಾಕ್ರೀ?" ಅಂತ ರೋಗಿ ಕಡೆಯವರು ಕೇಳ್ತಾರೆ. "ಟ್ರಸ್ಟ್ ಆದ್ರೂ ಡಾಕ್ಟ್ರಿಗೆ ಸಂಬಳ ಕೊಡಬೇಕಲ್ವಾ ಯಜಮಾನ್ರೇ" ಅಂತ ಕೌಂಟರ್‌ನಿಂದ ಉತ್ತರ ಬರುತ್ತದೆ. ಇಬ್ಬರು ಹೇಳುವುದರಲ್ಲೂ ಅರ್ಧರ್ಧ ಸತ್ಯ ಇದೆ. ಮಾತು ಬೆಳೆದು ಕೊನೆಗೆ ಊರಿನ ಮುಖಂಡರಿಗೋ ಶಾಸಕರ ಕಚೇರಿಗೋ ಫೋನ್ ಹೋಗುತ್ತದೆ. ಐದು-ಹತ್ತು ಸಾವಿರ ಕಡಿಮೆ ಮಾಡಿಸಿಕೊಂಡು ಬಂದವರು ಗೆದ್ದೆವು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಸರಿಯಾದ ಕಾಗದ ಕೈಯಲ್ಲಿದ್ದಿದ್ದರೆ ಬಿಲ್ಲೇ ಆಗುತ್ತಿರಲಿಲ್ಲ.

ಮೊದಲೇ ನೇರವಾಗಿ ಹೇಳಿಬಿಡೋಣ. ಕರ್ನಾಟಕದಲ್ಲಿ ಟ್ರಸ್ಟ್ ಆಸ್ಪತ್ರೆ ಎಂಬ ಒಂದೇ ಕಾರಣಕ್ಕೆ ಬಡವರಿಗೆ ಇಷ್ಟು ಹಾಸಿಗೆ ಉಚಿತ ಕೊಡಲೇಬೇಕು ಎಂಬ ಸಾಮಾನ್ಯ ಕಾನೂನು ಇಲ್ಲ. ಮಹಾರಾಷ್ಟ್ರದಲ್ಲಿ ಇದೆ, ದೆಹಲಿಯಲ್ಲಿ ಇನ್ನೊಂದು ರೀತಿಯಲ್ಲಿ ಇದೆ. ನಮ್ಮ ಹಕ್ಕು ಬೇರೆ ಮೂರು ಕಡೆ ಕೂತಿದೆ: ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ, ಮತ್ತು ಆಸ್ಪತ್ರೆಗೆ ಸರ್ಕಾರ ಜಾಗ ಕೊಟ್ಟಿದ್ದರೆ ಆ ಜಾಗದ ಆದೇಶದಲ್ಲಿ. ಕೇಳುವುದನ್ನು ಸರಿಯಾದ ಕಡೆ ಕೇಳಬೇಕು.

ತೆರಿಗೆ ಇಲ್ಲ, ಹಾಗಾದರೆ ಲೆಕ್ಕ ಏನು?

ಆದಾಯ ತೆರಿಗೆ ಕಾಯ್ದೆಯಲ್ಲಿ ‘ಧರ್ಮಾರ್ಥ ಉದ್ದೇಶ’ ಎಂಬುದಕ್ಕೆ ಒಂದು ವ್ಯಾಖ್ಯೆ ಇದೆ. ಬಡವರಿಗೆ ನೆರವು, ಶಿಕ್ಷಣ ಇವುಗಳ ಜೊತೆ ವೈದ್ಯಕೀಯ ನೆರವೂ ಅದರಲ್ಲಿ ಸೇರಿದೆ. ಗಮನಿಸಿ: ‘ಬಡವರಿಗೆ ವೈದ್ಯಕೀಯ ನೆರವು’ ಅಂತ ಬರೆದಿಲ್ಲ, ಬರೀ ‘ವೈದ್ಯಕೀಯ ನೆರವು’. ಈ ಒಂದು ಪದದ ವ್ಯತ್ಯಾಸದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ದುಡ್ಡು ತಗೊಂಡು ಚಿಕಿತ್ಸೆ ಕೊಟ್ಟರೂ ಅದು ವೈದ್ಯಕೀಯ ನೆರವೇ.

ಟ್ರಸ್ಟ್ ನೋಂದಣಿ ಮಾಡಿಸಿ ತೆರಿಗೆ ಇಲಾಖೆಯಲ್ಲಿ 12ಎಬಿ ಮಾನ್ಯತೆ ಪಡೆದರೆ ಆದಾಯಕ್ಕೆ ತೆರಿಗೆ ಇಲ್ಲ. ಮುಖ್ಯ ಷರತ್ತು ಎರಡು. ಒಂದು, ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಟ್ರಸ್ಟಿನ ಉದ್ದೇಶಕ್ಕೇ ಖರ್ಚು ಮಾಡಬೇಕು, ಇಲ್ಲದಿದ್ದರೆ ಮುಂದೆ ಇಂಥದ್ದಕ್ಕೆ ಬಳಸುತ್ತೇವೆ ಎಂದು ಲೆಕ್ಕ ಕೊಟ್ಟು ಎತ್ತಿಡಬೇಕು. ಎರಡು, ಲಾಭವನ್ನು ಟ್ರಸ್ಟಿಗಳಾಗಲಿ ಅವರ ಸಂಬಂಧಿಕರಾಗಲಿ ಹಂಚಿಕೊಳ್ಳುವಂತಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ತಿರುಳು ಇದೇ.

ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಂದು ಆಸ್ಪತ್ರೆಗೆ ವರ್ಷಕ್ಕೆ 10 ಕೋಟಿ ಆದಾಯ ಅಂತಿಟ್ಟುಕೊಳ್ಳಿ. ಎಂಟೂವರೆ ಕೋಟಿ ಖರ್ಚು ತೋರಿಸಬೇಕು. ಡಾಕ್ಟರ ಸಂಬಳ ಖರ್ಚೇ, ಔಷಧಿ ಖರ್ಚೇ, ಹೊಸ ಕಟ್ಟಡವೂ ಖರ್ಚೇ, ಎಂಆರ್‌ಐ ಯಂತ್ರವೂ ಖರ್ಚೇ. ಒಬ್ಬನೇ ಒಬ್ಬ ಬಡ ರೋಗಿಗೆ ಉಚಿತ ಚಿಕಿತ್ಸೆ ಕೊಡದಿದ್ದರೂ ಈ ಲೆಕ್ಕ ಸರಿಹೋಗಬಹುದು. ನಮ್ಮ ಅಂಗಡಿಯ ಲಾಭದಲ್ಲಿ ಇನ್ನೊಂದು ಮಳಿಗೆ ಕಟ್ಟಿಸಿದರೆ ಅದನ್ನು ಖರ್ಚು ಅಂತ ತೋರಿಸಿ ತೆರಿಗೆ ತಪ್ಪಿಸಿಕೊಳ್ಳಲು ಯಾವ ಆಡಿಟರೂ ಬಿಡುವುದಿಲ್ಲ. ಟ್ರಸ್ಟಿಗೆ ಅದು ಸಿಗುತ್ತದೆ. ಇಷ್ಟು ದೊಡ್ಡ ವಿನಾಯಿತಿ ಕೊಟ್ಟ ಮೇಲೆ ‘ಉಚಿತ ಎಷ್ಟು’ ಎಂಬ ಪ್ರಶ್ನೆಯನ್ನೇ ಕಾನೂನು ಕೇಳದಿರುವುದು ನನ್ನ ಪ್ರಕಾರ ದೊಡ್ಡ ಲೋಪ.

ದಾನ ಕೊಡುವವರೂ ಒಂದು ಮಾತು ಕೇಳಿಸಿಕೊಳ್ಳಿ. ನಮ್ಮ ಪೇಟೆಗಳಲ್ಲಿ ಅಮಾವಾಸ್ಯೆ ಪೂಜೆಯ ಹೆಸರಲ್ಲಿ, ತಂದೆ-ತಾಯಿ ಸ್ಮರಣೆಗೆ ಆಸ್ಪತ್ರೆ ಟ್ರಸ್ಟಿಗೆ ಹಣ ಕೊಡುವ ವ್ಯಾಪಾರಸ್ಥರು ಬಹಳ ಮಂದಿ. 80ಜಿ ರಸೀದಿ ಸಿಗುತ್ತದೆ ಅಂತ ನಂಬಿ ನಗದು ಕೊಡುತ್ತಾರೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ 80ಜಿ ರಿಯಾಯಿತಿ ಇಲ್ಲ. ಚೆಕ್ ಅಥವಾ ಆನ್‌ಲೈನ್ ಆಗಿರಬೇಕು, ಟ್ರಸ್ಟ್ 10ಬಿಇ ಪ್ರಮಾಣಪತ್ರ ಕೊಡಬೇಕು. ನೀವು ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಅದೂ ಪ್ರಯೋಜನಕ್ಕೆ ಬರುವುದಿಲ್ಲ. ದಾನ ಕೊಡುವಾಗ ‘ಇದರಲ್ಲಿ ಬಡ ರೋಗಿಗಳ ನಿಧಿ ಬೇರೆ ಇದೆಯಾ, ಹೋದ ವರ್ಷ ಎಷ್ಟು ಮಂದಿಗೆ ಕೊಟ್ಟಿರಿ’ ಅಂತ ಕೇಳಿದರೆ ತಪ್ಪೇನಿಲ್ಲ. ಕೊಡುವವರು ಕೇಳಿದರೆ ಅವರು ಹೇಳ್ತಾರೆ, ರೋಗಿ ಕೇಳಿದರೆ ಹೇಳೋದಿಲ್ಲ.

ಬೇರೆ ಕಡೆ ಹೇಗಿದೆ?

ಮಹಾರಾಷ್ಟ್ರದಲ್ಲಿ 1950ರ ಮುಂಬೈ ಸಾರ್ವಜನಿಕ ಟ್ರಸ್ಟ್ ಕಾಯ್ದೆಗೆ 41ಎಎ ಎಂಬ ಸೆಕ್ಷನ್ ಸೇರಿಸಿದ್ದಾರೆ. ಅದರಡಿ 2006ರಲ್ಲಿ ಬಾಂಬೆ ಹೈಕೋರ್ಟ್ ಒಂದು ಯೋಜನೆ ಜಾರಿಗೆ ತಂದಿತು. ಧರ್ಮಾರ್ಥ ಆಸ್ಪತ್ರೆಗಳು ಶೇ 10 ಹಾಸಿಗೆಗಳನ್ನು ಕಡುಬಡವರಿಗೆ ಪೂರಾ ಉಚಿತ, ಇನ್ನು ಶೇ 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕು. ಒಟ್ಟು ಬಿಲ್ಲಿನ ಶೇ 2ರಷ್ಟು ಹಣವನ್ನು ಬಡ ರೋಗಿಗಳ ನಿಧಿಗೆ ಹಾಕಬೇಕು. ನೋಡಿಕೊಳ್ಳಲು ಧರ್ಮಾದಾಯ ಆಯುಕ್ತರ ಕಚೇರಿ ಇದೆ. ಅಲ್ಲೂ ತಕರಾರು ನಡೆಯುತ್ತಲೇ ಇರುತ್ತವೆ, ಆದರೆ ರೋಗಿ ಕೈಯಲ್ಲಿ ಒಂದು ಸಂಖ್ಯೆಯಾದರೂ ಇದೆ.

ದೆಹಲಿಯದು ಜಾಗದ ಕಥೆ. ಸರ್ಕಾರದಿಂದ ಅಗ್ಗದ ದರದಲ್ಲಿ ಭೂಮಿ ಪಡೆದ ಆಸ್ಪತ್ರೆಗಳು ಒಳರೋಗಿಗಳಲ್ಲಿ ಶೇ 10, ಹೊರರೋಗಿಗಳಲ್ಲಿ ಶೇ 25 ಬಡವರಿಗೆ ಉಚಿತವಾಗಿ ನೋಡಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಹೇಳಿತು. ಆಸ್ಪತ್ರೆಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು. 2018ರ ಜುಲೈ 9ರಂದು ಮೂಲ್‌ಚಂದ್ ಖೈರಾತಿ ರಾಮ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಷರತ್ತನ್ನು ಎತ್ತಿಹಿಡಿಯಿತು.

ಅಮೆರಿಕದಲ್ಲಿ ಲಾಭರಹಿತ ಆಸ್ಪತ್ರೆ ತೆರಿಗೆ ವಿನಾಯಿತಿ ಬೇಕಾದರೆ ‘ಸಮುದಾಯಕ್ಕೆ ಪ್ರಯೋಜನ’ ತೋರಿಸಬೇಕು. ಈ ಮಾತು 1969ರ ತೆರಿಗೆ ಇಲಾಖೆ ಆದೇಶದಿಂದ ಬಂದದ್ದು. 2010ರ ಆರೋಗ್ಯ ಕಾನೂನು ಇನ್ನಷ್ಟು ಬಿಗಿ ಮಾಡಿತು: ಮೂರು ವರ್ಷಕ್ಕೊಮ್ಮೆ ಊರಿನ ಆರೋಗ್ಯದ ಅಗತ್ಯಗಳ ಸಮೀಕ್ಷೆ ಮಾಡಿ ಪ್ರಕಟಿಸಬೇಕು, ಬಡವರಿಗೆ ರಿಯಾಯಿತಿ ನೀತಿಯನ್ನು ಬರೆದಿಡಬೇಕು. ಅಲ್ಲೂ ಇಂತಿಷ್ಟು ಶೇಕಡಾ ಉಚಿತ ಎಂಬ ಸಂಖ್ಯೆ ಇಲ್ಲ.

ನಮ್ಮ ದೇಶದಲ್ಲೂ ಒಮ್ಮೆ ಇಂಥ ಪ್ರಯೋಗ ಆಗಿತ್ತು. 1988ರಲ್ಲಿ ಕೇಂದ್ರ ಸರ್ಕಾರ ವಿದೇಶಿ ವೈದ್ಯಕೀಯ ಯಂತ್ರಗಳಿಗೆ ಸುಂಕ ಮನ್ನಾ ಮಾಡಿತು. ಬದಲಿಗೆ ಆ ಆಸ್ಪತ್ರೆಗಳು ಹೊರರೋಗಿಗಳಲ್ಲಿ ಶೇ 40 ಮಂದಿಯನ್ನು ಉಚಿತವಾಗಿ ನೋಡಬೇಕು, ಬಡ ಕುಟುಂಬಗಳಿಗೆ ಶೇ 10 ಹಾಸಿಗೆ ಇಡಬೇಕು ಎಂಬ ಷರತ್ತು. ಯಂತ್ರಗಳು ಬಂದವು. ಷರತ್ತು ಪಾಲಿಸಿದ್ದೀರಾ ಎಂಬ ಕೇಸುಗಳು ಮಾತ್ರ ದಶಕಗಟ್ಟಲೆ ನಡೆದವು.

ಇಲ್ಲಿ ಒಂದು ಊರಿನ ಮಾತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ 1953ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹಾಗಾಗಿ ಮುಂಬೈ ಟ್ರಸ್ಟ್ ಕಾಯ್ದೆ ನಮಗೆ ಎಂದೂ ಅನ್ವಯ ಆಗಲಿಲ್ಲ. ತುಂಗಭದ್ರೆಯ ಆಚೆ ದಂಡೆ, ಅಂದರೆ ಈಗಿನ ಹಾವೇರಿ, ಗದಗ, ಧಾರವಾಡದ ಕಡೆ ಮುಂಬೈ ಪ್ರಾಂತ್ಯವಾಗಿತ್ತು. ಆದರೆ ಬಡವರ ಹಾಸಿಗೆಯ ಆ 41ಎಎ ಸೆಕ್ಷನ್ ಮಹಾರಾಷ್ಟ್ರ ಬೇರೆ ರಾಜ್ಯ ಆದ ಮೇಲೆ ತಾನೇ ಸೇರಿಸಿಕೊಂಡದ್ದು. ಆದ್ದರಿಂದ ಹಡಗಲಿಯವರು ಹುಬ್ಬಳ್ಳಿಗೆ ಹೋಗಿ ‘ಮಹಾರಾಷ್ಟ್ರದಾಗ ಕೊಡ್ತಾರ’ ಅಂದರೆ ನಡೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಬರುವ ‘ಎಲ್ಲ ಟ್ರಸ್ಟ್ ಆಸ್ಪತ್ರೆಗಳಲ್ಲೂ ಶೇ 10 ಹಾಸಿಗೆ ಉಚಿತ’ ಎಂಬ ಸಂದೇಶ ಹೆಚ್ಚಾಗಿ ಇಲ್ಲಿಂದಲೇ ಹುಟ್ಟಿದ್ದು.

ಕರ್ನಾಟಕ ಹಿಡಿದ ದಾರಿ

ನಮ್ಮ ರಾಜ್ಯ ಆಸ್ಪತ್ರೆಗಳ ಮೇಲೆ ಉಚಿತ ಹಾಸಿಗೆಯ ಭಾರ ಹಾಕಲಿಲ್ಲ. ಬದಲಿಗೆ ಬಡವರ ಚಿಕಿತ್ಸೆಯನ್ನು ಸರ್ಕಾರವೇ ದುಡ್ಡು ಕೊಟ್ಟು ಕೊಳ್ಳುವ ದಾರಿ ಹಿಡಿಯಿತು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಬಂತು. 2010ರಲ್ಲಿ ಬಿಪಿಎಲ್ ಕುಟುಂಬಗಳ ಹೃದಯ, ಕ್ಯಾನ್ಸರ್, ಮಿದುಳು, ಮೂತ್ರಪಿಂಡದಂಥ ದೊಡ್ಡ ಚಿಕಿತ್ಸೆಗೆ ವಾಜಪೇಯಿ ಆರೋಗ್ಯಶ್ರೀ ಬಂತು.

ಆರೋಗ್ಯಶ್ರೀ ಶುರುವಾಗಿದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲಿ, ಬಳ್ಳಾರಿಯೂ ಅದರಲ್ಲಿತ್ತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗೆ ಮೊದಲ ಹಂತದಲ್ಲೇ ಸಿಕ್ಕಿತು. ಹರಪನಹಳ್ಳಿ 1997ರಿಂದ ದಾವಣಗೆರೆ ಜಿಲ್ಲೆಯಲ್ಲಿತ್ತಲ್ಲ, ಅದು ಬೆಂಗಳೂರು ವಿಭಾಗ. ಹಾಗಾಗಿ ಪಕ್ಕದ ಊರಿಗೆ ಇದ್ದ ಸೌಲಭ್ಯ ಅವರಿಗೆ ತಡವಾಗಿ ಬಂತು. ಯೋಜನೆ ಇದ್ದ ಮತ್ತು ಇಲ್ಲದ ಇಂಥ ಗಡಿಯ ಈಚೆ-ಆಚೆಯ 572 ಹಳ್ಳಿಗಳನ್ನು ಹೋಲಿಸಿ ಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಬರೆದರು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಆದ ಸಾವು, ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಒಂದು ಕಾರ್ಡು, ಒಂದು ಗಡಿ ಎಷ್ಟು ಜೀವದ ಪ್ರಶ್ನೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ನಾನು ನೋಡಿಲ್ಲ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ವಾಪಸಾಯಿತು. 2021ರಿಂದ ನಾವೆಲ್ಲ ವಿಜಯನಗರ ಜಿಲ್ಲೆ.

ಈ ಹಳೆಯ ಯೋಜನೆಗಳನ್ನು 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಅಂತ ಒಂದು ಮಾಡಿದರು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಅದಕ್ಕೆ ಸೇರಿತು. ಹೆಸರು ಆಮೇಲೂ ಉದ್ದವಾಗಿದೆ, ಜನ ಕರೆಯುವುದು ‘ಆಯುಷ್ಮಾನ್ ಕಾರ್ಡ್’ ಅಂತಲೇ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇದು ಸರ್ಕಾರದ್ದೇ ಟ್ರಸ್ಟ್, ಗೊಂದಲ ಮಾಡಿಕೊಳ್ಳಬೇಡಿ.

ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ. ಅಂದರೆ 1 ಲಕ್ಷದ ಪ್ಯಾಕೇಜ್ ಆದರೆ 30 ಸಾವಿರ ಸರ್ಕಾರದ್ದು, 70 ಸಾವಿರ ನಿಮ್ಮದು.

ಎಡವುವುದು ರೆಫರಲ್‌ನಲ್ಲಿ

ಮೂಲ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಅವನ್ನು ಗುಂಪು ಮಾಡಿದ್ದಾರೆ. ಸರಳವಾದ 291 ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸ್ವಲ್ಪ ಕ್ಲಿಷ್ಟವಾದ 254 ಹಾಗೂ ದೊಡ್ಡ ಆಸ್ಪತ್ರೆಯೇ ಬೇಕಾದ 900 ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಿದ್ದರೆ ಅಲ್ಲಿಂದ ರೆಫರಲ್ ಚೀಟಿ ತಗೊಂಡು ನೋಂದಾಯಿತ ಖಾಸಗಿ ಅಥವಾ ಟ್ರಸ್ಟ್ ಆಸ್ಪತ್ರೆಗೆ ಹೋಗಬೇಕು. ತುರ್ತು ಅಂತ ಗುರುತಿಸಿದ 169 ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಕಿಲ್ಲ, ನೇರವಾಗಿ ಹೋಗಬಹುದು.

ನಮ್ಮ ಕಡೆಯವರು ಏನು ಮಾಡ್ತಾರೆ? ತಾಲ್ಲೂಕು ಆಸ್ಪತ್ರೆಗೆ ಹೋಗದೆ, ಅಲ್ಲಿ ಪಾಳಿ ನಿಲ್ಲಬೇಕು ಅಂತ, ಪರಿಚಯದವರು ಹೇಳಿದ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋಗಿಬಿಡುತ್ತಾರೆ. ಅಡ್ಮಿಟ್ ಆಗಿ, ಸ್ಕ್ಯಾನ್ ಆಗಿ, ಮುಂಗಡ ಕಟ್ಟಿ, ಎರಡು ದಿನ ಕಳೆದ ಮೇಲೆ ‘ಆಯುಷ್ಮಾನ್ ನಡೆಯುತ್ತಾ?’ ಅಂತ ಕೇಳುತ್ತಾರೆ. ಆಗ ‘ರೆಫರಲ್ ಎಲ್ಲಿ’ ಅಂತ ಬರುತ್ತದೆ. ಆಪರೇಷನ್ ಆದ ಮೇಲೆ ಹಿಂದಿನ ತಾರೀಖಿಗೆ ಅನುಮತಿ ಕೊಡಿಸುವುದು ಯಾರ ಕೈಯಲ್ಲೂ ಆಗದ ಮಾತು, ಶಾಸಕರ ಕೈಯಲ್ಲೂ.

ಆದ್ದರಿಂದ ಕ್ರಮ ಉಲ್ಟಾ ಮಾಡಿ. ಜೀವಕ್ಕೆ ಅಪಾಯ ಇಲ್ಲ, ಎರಡು ದಿನ ತಡೆಯಬಹುದು ಅಂತಾದರೆ ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಚೀಟಿ ಬರೆಸಿಕೊಳ್ಳಿ, ಅದರಲ್ಲಿ ಕಾಯಿಲೆಯ ಹೆಸರು ಸ್ಪಷ್ಟ ಇದೆಯಾ ನೋಡಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ದೊಡ್ಡ ಆಸ್ಪತ್ರೆ ತಲುಪಿದ ಕೂಡಲೇ ಬಿಲ್ ಕೌಂಟರಿಗೆ ಹೋಗಬೇಡಿ, ‘ಆರೋಗ್ಯ ಮಿತ್ರ’ ಎಲ್ಲಿ ಕೂರ್ತಾರೆ ಕೇಳಿ. ಯೋಜನೆಯ ಆಸ್ಪತ್ರೆಗಳಲ್ಲಿ ಅವರಿಗೇ ಅಂತ ಒಂದು ಮೇಜು ಇರುತ್ತದೆ. ಅವರಿಗೆ ಕೇಳಬೇಕಾದ್ದು: ಈ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ, ನಮ್ಮ ಕಾಯಿಲೆಯ ವಿಭಾಗಕ್ಕೂ ಇದೆಯಾ, ಅನುಮತಿ ಕೋರಿ ಕಳಿಸಿದ್ದೀರಾ. ಕೆಲವು ಆಸ್ಪತ್ರೆ ಹೃದಯಕ್ಕೆ ನೋಂದಣಿ ಆಗಿರುತ್ತದೆ, ಮೂಳೆಗೆ ಆಗಿರುವುದಿಲ್ಲ. ಎರಡನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ.

ಅನುಮತಿ ಸಿಕ್ಕಿದ ಮೇಲೆ ಬಿಪಿಎಲ್ ರೋಗಿಯಿಂದ ಆ ಪ್ಯಾಕೇಜಿಗೆ ದುಡ್ಡು ಕೇಳುವಂತಿಲ್ಲ. ಪರೀಕ್ಷೆ, ಔಷಧಿ, ಒಳಗೆ ಹಾಕುವ ಸ್ಟೆಂಟ್ ಇತ್ಯಾದಿ, ಊಟ ಎಲ್ಲವೂ ಅದರೊಳಗೇ. ‘ಪ್ಯಾಕೇಜ್ ಸಾಲೋದಿಲ್ಲ, ಮೇಲಿಂದ 20 ಸಾವಿರ ಕೊಡಿ’ ಅಂದರೆ ರಸೀದಿ ಕೇಳಿ. ಕೊಟ್ಟರೆ ಅದೇ ನಿಮ್ಮ ದೂರಿಗೆ ಸಾಕ್ಷಿ, ಕೊಡದಿದ್ದರೆ ಅಲ್ಲಿಂದಲೇ 104ಕ್ಕೆ ಫೋನ್ ಮಾಡಿ. ಕೇಂದ್ರದ ಯೋಜನೆಗೆ 14555 ಇದೆ. ಪ್ಯಾಕೇಜ್ ದರ ಕಡಿಮೆ, ಸರ್ಕಾರದಿಂದ ಹಣ ತಡವಾಗಿ ಬರುತ್ತದೆ ಎಂಬ ಆಸ್ಪತ್ರೆಗಳ ದೂರು ಸುಳ್ಳೇನಲ್ಲ. ಆದರೆ ಅದು ಆಸ್ಪತ್ರೆಗೂ ಸರ್ಕಾರಕ್ಕೂ ಇರುವ ಲೆಕ್ಕ. ಹಾಸಿಗೆ ಮೇಲೆ ಮಲಗಿದವನ ಹತ್ತಿರ ವಸೂಲಿ ಮಾಡುವುದಲ್ಲ.

ಅಂಗಡಿಯವರ ಸ್ಥಿತಿ ನಡುವೆ ಸಿಕ್ಕಿಕೊಂಡಂತೆ. ಸಾಲಕ್ಕೆ ಬೇಕು ಅಂತ ಆದಾಯ ತೆರಿಗೆ ರಿಟರ್ನ್ ಹಾಕಿಸಿದ ಸಣ್ಣ ವ್ಯಾಪಾರಿಗಳು ಎಷ್ಟೋ ಮಂದಿ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಗದ್ದಲ ನೆನಪಿದೆಯಲ್ಲ? ಕೊನೆಗೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರ ಕಾರ್ಡ್ ಬಿಟ್ಟು ಉಳಿದವರದ್ದು ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ಕಾರ್ಡ್ ಎಪಿಎಲ್ ಆಯಿತು ಅಂದರೆ ಅಕ್ಕಿ ಮಾತ್ರ ಹೋಗುವುದಿಲ್ಲ, 5 ಲಕ್ಷದ ಚಿಕಿತ್ಸೆಯೂ ಶೇ 30ಕ್ಕೆ ಇಳಿಯುತ್ತದೆ. ನಿಮ್ಮ ಕಾರ್ಡ್ ಯಾವ ಸ್ಥಿತಿಯಲ್ಲಿದೆ ಅಂತ ಆರೋಗ್ಯವಾಗಿರುವಾಗಲೇ ನ್ಯಾಯಬೆಲೆ ಅಂಗಡಿಯಲ್ಲಿ ನೋಡಿಕೊಳ್ಳಿ.

ಅಂಥವರಿಗೆ ಯಶಸ್ವಿನಿ ಒಂದು ಆಸರೆ. 2018ರಲ್ಲಿ ನಿಂತಿದ್ದ ಈ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಹಾಲಿನ ಡೇರಿ, ಕೃಷಿ ಪತ್ತಿನ ಸಂಘ, ಪೇಟೆಯ ಪತ್ತಿನ ಸಹಕಾರಿ, ಯಾವುದಾದರೂ ಸಹಕಾರ ಸಂಘದ ಸದಸ್ಯರಾಗಿರಬೇಕು. ಮರಳಿ ಶುರುವಾದಾಗ ನಾಲ್ಕು ಜನರ ಕುಟುಂಬಕ್ಕೆ ಗ್ರಾಮೀಣದಲ್ಲಿ ವರ್ಷಕ್ಕೆ 500 ರೂಪಾಯಿ, ನಗರದಲ್ಲಿ 1,000 ರೂಪಾಯಿ ಇತ್ತು. ಮಿತಿ 5 ಲಕ್ಷ. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಸಂಘದ ಕಾರ್ಯದರ್ಶಿ ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಎಲ್ಲ ಆಸ್ಪತ್ರೆಗೂ ಇರುವ ಕಟ್ಟುಪಾಡು

ಕಾರ್ಡ್ ಇರಲಿ ಬಿಡಲಿ, ಕೆಲವು ವಿಷಯ ಯಾರಿಗೂ ತಪ್ಪಿದ್ದಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ‘ಕೆಪಿಎಂಇ’ ಅನ್ನುವುದು, ಟ್ರಸ್ಟ್ ಆಸ್ಪತ್ರೆಗೂ ಅನ್ವಯ, ಮೂಲೆಯ ಕ್ಲಿನಿಕ್ಕಿಗೂ ಅನ್ವಯ. 2017ರಲ್ಲಿ ಇದಕ್ಕೆ ತಿದ್ದುಪಡಿ ತಂದಾಗ ರಾಜ್ಯದ ತುಂಬ ಖಾಸಗಿ ವೈದ್ಯರು ಮುಷ್ಕರ ಮಾಡಿದ್ದು, ನಮ್ಮ ಊರುಗಳಲ್ಲೂ ಕ್ಲಿನಿಕ್ ಬಾಗಿಲು ಹಾಕಿದ್ದು ನೆನಪಿರಬಹುದು. ಆ ಗಲಾಟೆಯಲ್ಲಿ ಕೆಲವು ಬಿಗಿ ಅಂಶಗಳು ಸಡಿಲವಾದವು, ಆದರೂ ಒಳ್ಳೆಯವು ಉಳಿದಿವೆ.

ಅಪಘಾತ, ಸುಟ್ಟ ಗಾಯ, ವಿಷ ಸೇವನೆಯಂಥ ತುರ್ತಿನಲ್ಲಿ ಮುಂಗಡ ಹಣ ಕಟ್ಟಿ ಅಂತ ಪಟ್ಟು ಹಿಡಿಯದೆ ಪ್ರಥಮ ಚಿಕಿತ್ಸೆ ಕೊಟ್ಟು ಜೀವ ನಿಲ್ಲಿಸುವ ಕೆಲಸ ಮಾಡಬೇಕು. ‘ಪೊಲೀಸ್ ಕೇಸ್ ಆಗ್ತದೆ, ಮುಂದಿನ ಆಸ್ಪತ್ರೆಗೆ ಹೋಗಿ’ ಅನ್ನುವಂತಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರಿಗೂ ಇದನ್ನು ಹೇಳಿದೆ. ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗುವ ಕೂಡ್ಲಿಗಿಯಲ್ಲಿ ಇದು ಪುಸ್ತಕದ ಮಾತಲ್ಲ, ವಾರವಾರದ ಮಾತು. ಇದರ ಜೊತೆಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ, ಅಪಘಾತ ಆದ ದಿನದಿಂದ 7 ದಿನ ನಗದುರಹಿತ ಚಿಕಿತ್ಸೆಯ ಯೋಜನೆ ಪ್ರಕಟಿಸಿದೆ. ಗೊತ್ತುಪಡಿಸಿದ ಆಸ್ಪತ್ರೆಯಾಗಿರಬೇಕು, ಪೊಲೀಸರಿಗೆ ಮಾಹಿತಿ ಹೋಗಿರಬೇಕು. ಬಿಪಿಎಲ್, ಎಪಿಎಲ್ ಪ್ರಶ್ನೆ ಇಲ್ಲ.

ರೋಗಿ ತೀರಿಹೋದರೆ ಬಾಕಿ ಬಿಲ್ಲಿಗಾಗಿ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ಬಾಕಿ ಇದ್ದರೆ ಆಮೇಲೆ ಕಾನೂನಿನ ಪ್ರಕಾರ ಕೇಳಲಿ, ಮೊದಲು ಶವ ಕೊಡಬೇಕು. ದುಃಖದಲ್ಲಿರುವವರು ಈ ಮಾತು ಗೊತ್ತಿಲ್ಲದೆ ರಾತ್ರೋರಾತ್ರಿ ಒಡವೆ ಅಡ ಇಟ್ಟ ಉದಾಹರಣೆಗಳು ಪ್ರತಿ ಊರಲ್ಲೂ ಸಿಗುತ್ತವೆ.

ದರಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಕು, ಬಿಲ್ಲಿನಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಇರಬೇಕು. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆ ನಿಯಮದಲ್ಲೇ ಇದೆ. ಇದೇ ಕೆಪಿಎಂಇ ಕಾಯ್ದೆಯಲ್ಲಿ ಸರ್ಕಾರದ ಆರೋಗ್ಯ ಕಾರ್ಯಕ್ರಮಗಳ ಜಾರಿಯಲ್ಲಿ ಖಾಸಗಿಯವರೂ ಭಾಗವಹಿಸಬೇಕು ಎಂಬ ಮಾತೂ ಇದೆ. ನಮ್ಮ ಕಾನೂನಿನಲ್ಲಿ ‘ಸಮುದಾಯದ ಋಣ’ಕ್ಕೆ ಹತ್ತಿರ ಬರುವ ಸಾಲು ಅದೊಂದೇ, ಅದೂ ಯಾರೂ ಓದದ ಸಾಲು.

ಉಚಿತ ಶಿಬಿರದ ಬಸ್ಸು ಯಾಕೆ ಬರುತ್ತದೆ?

ಜಾತ್ರೆ ಮುಗಿದ ಮೇಲೆ, ಜಯಂತಿಗಳ ದಿನ ನಮ್ಮ ಊರುಗಳಿಗೆ ಮೆಡಿಕಲ್ ಕಾಲೇಜುಗಳ ಉಚಿತ ತಪಾಸಣಾ ಶಿಬಿರ ಬರುತ್ತದೆ. ಆಪರೇಷನ್ ಬೇಕಾದವರನ್ನು ಬಸ್ಸಲ್ಲೇ ಕರೆದುಕೊಂಡು ಹೋಗ್ತಾರೆ. ಇದರಲ್ಲಿ ಸೇವೆಯೂ ಇದೆ, ಅಗತ್ಯವೂ ಇದೆ. ಮೆಡಿಕಲ್ ಕಾಲೇಜಿಗೆ ಮಾನ್ಯತೆ ಇರಬೇಕಾದರೆ ಸೀಟಿಗೆ ತಕ್ಕಷ್ಟು ಹಾಸಿಗೆ ಇರಬೇಕು, ಆ ಹಾಸಿಗೆಗಳಲ್ಲಿ ರೋಗಿಗಳೂ ಇರಬೇಕು. ರೋಗಿ ಇಲ್ಲದೆ ವಿದ್ಯಾರ್ಥಿ ಕಲಿಯುವುದು ಹೇಗೆ? ಹಾಗಾಗಿ ಜನರಲ್ ವಾರ್ಡಿನ ಹಾಸಿಗೆ, ವೈದ್ಯರ ಫೀಸು ಅಲ್ಲಿ ಹಲವು ಕಡೆ ಉಚಿತ ಅಥವಾ ತೀರಾ ಕಡಿಮೆ. ದುಡ್ಡು ಬೀಳುವುದು ಸ್ಕ್ಯಾನ್, ಔಷಧಿ, ಇಂಪ್ಲಾಂಟ್‌ನಲ್ಲಿ. ಬಸ್ ಹತ್ತುವ ಮೊದಲು ‘ಏನೇನು ಉಚಿತ, ಏನು ನಮ್ಮ ಖರ್ಚು’ ಅಂತ ಶಿಬಿರದ ಚೀಟಿ ಮೇಲೆ ಬರೆಸಿಕೊಳ್ಳಿ.

ಹೀಗಂದ ಮಾತ್ರಕ್ಕೆ ಧರ್ಮಾರ್ಥ ಆಸ್ಪತ್ರೆ ಎಲ್ಲ ನಾಟಕ ಅಂತ ಅಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಶುರುವಾದ ಸತ್ಯ ಸಾಯಿ ಆಸ್ಪತ್ರೆಯಲ್ಲಿ ಹೃದಯದ, ಮಿದುಳಿನ ಆಪರೇಷನ್‌ಗೂ ರೋಗಿಯಿಂದ ಹಣ ಪಡೆಯುವುದಿಲ್ಲ. ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಇರುವ ಚಿಗಟೇರಿ ಎಂಬ ಹೆಸರೂ ನಮ್ಮ ಹರಪನಹಳ್ಳಿ ತಾಲ್ಲೂಕಿನ ಊರಿನದೇ. ಕೊಡುವ ಗುಣ ಈ ಸೀಮೆಗೆ ಹೊಸದಲ್ಲ. ಕೊಟ್ಟದ್ದು ಎಲ್ಲಿಗೆ ಹೋಯಿತು ಅಂತ ಕೇಳುವ ವ್ಯವಸ್ಥೆ ಇಲ್ಲ, ಅಷ್ಟೇ.

ಜಾಗದ ಆದೇಶ ತೆಗೆಸಿ ನೋಡಿ

ಮೂರನೆಯದು ಸಂಘ-ಸಂಸ್ಥೆಯವರು, ರೈತ ಸಂಘದವರು, ವರ್ತಕರ ಸಂಘದವರು ಮಾಡಬಹುದಾದ ಕೆಲಸ. ಒಬ್ಬ ರೋಗಿಯಿಂದ ಆಗುವುದಲ್ಲ. ಎಷ್ಟೋ ಟ್ರಸ್ಟ್ ಆಸ್ಪತ್ರೆಗಳು ಸರ್ಕಾರಿ ಜಾಗದಲ್ಲಿ, ರಿಯಾಯಿತಿ ದರಕ್ಕೆ ಮಂಜೂರಾದ ಭೂಮಿಯಲ್ಲಿ ಇರುತ್ತವೆ. ಮಂಜೂರಾತಿ ಆದೇಶದಲ್ಲಿ ಷರತ್ತುಗಳಿರುತ್ತವೆ, ಷರತ್ತು ಮುರಿದರೆ ಜಾಗ ವಾಪಸ್ ಪಡೆಯುವ ಅಧಿಕಾರವೂ ಸರ್ಕಾರಕ್ಕೆ ಇರುತ್ತದೆ. ದೆಹಲಿಯವರು ಗೆದ್ದದ್ದೇ ಈ ಕಾಗದದ ಬಲದಿಂದ. ಆಸ್ಪತ್ರೆಗೆ ನೇರವಾಗಿ ಮಾಹಿತಿ ಹಕ್ಕು ಅರ್ಜಿ ಹಾಕಿದರೆ ‘ನಾವು ಸಾರ್ವಜನಿಕ ಪ್ರಾಧಿಕಾರ ಅಲ್ಲ’ ಅನ್ನಬಹುದು. ಆದರೆ ತಹಶೀಲ್ದಾರ್, ಜಿಲ್ಲಾಧಿಕಾರಿ ಕಚೇರಿ ಹಾಗೆ ಹೇಳುವಂತಿಲ್ಲ. 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ ಇಂಥ ಸರ್ವೆ ನಂಬರಿನ ಮಂಜೂರಾತಿ ಆದೇಶ ಹಾಗೂ ಷರತ್ತುಗಳ ನಕಲು ಕೇಳಿ. ಸೊಸೈಟಿ ಆಗಿದ್ದರೆ ವರ್ಷವರ್ಷದ ಲೆಕ್ಕಪತ್ರವನ್ನು ಸೊಸೈಟಿಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು, ಅದರ ನಕಲನ್ನೂ ಅಲ್ಲಿ ಕೇಳಬಹುದು.

ದೂರು ಎಲ್ಲಿಗೆ?

ಕೆಪಿಎಂಇ ಅಡಿ ಜಿಲ್ಲೆಗೊಂದು ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಮುಖ್ಯವಾಗಿ ಗಮನಿಸಿ: ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಗೆ ದೂರು ಕೊಡಬೇಕು. ದಾವಣಗೆರೆ ಆಸ್ಪತ್ರೆಯ ಮೇಲಿನ ದೂರನ್ನು ಹೊಸಪೇಟೆಗೆ ಕೊಟ್ಟು ತಿಂಗಳುಗಟ್ಟಲೆ ಕಾಯುವುದರಲ್ಲಿ ಅರ್ಥ ಇಲ್ಲ. ಬರಹದಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. ಆರೋಗ್ಯ ಕರ್ನಾಟಕ ರೋಗಿಯಿಂದ ಹಣ ಪಡೆದ ದೂರು ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೂ ಒಂದು ಪ್ರತಿ ಹೋಗಲಿ.

ಇನ್ನು ಗ್ರಾಹಕ ಆಯೋಗ. ‘ನಮ್ಮದು ಧರ್ಮಾರ್ಥ ಆಸ್ಪತ್ರೆ, ನಿಮಗೆ ಉಚಿತವಾಗಿ ಮಾಡಿದ್ದು, ಗ್ರಾಹಕ ಕಾನೂನು ಬರೋದಿಲ್ಲ’ ಅಂತ ಹೇಳುವವರಿದ್ದಾರೆ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಲ್ಲರಿಗೂ ಪೂರಾ ಉಚಿತ ಕೊಡುವ ಆಸ್ಪತ್ರೆ ಮಾತ್ರ ಆ ಕಾನೂನಿನ ಹೊರಗೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಕೊಡುವ ಆಸ್ಪತ್ರೆಯಾದರೆ ಉಚಿತ ಚಿಕಿತ್ಸೆ ಪಡೆದವನೂ ಗ್ರಾಹಕನೇ. ಕೊಟ್ಟ ಹಣದ ಮೊತ್ತ 5 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲಿ ಅರ್ಜಿ ಶುಲ್ಕ ಇಲ್ಲ. 2019ರ ಕಾಯ್ದೆ ಪ್ರಕಾರ ಆಸ್ಪತ್ರೆ ಇರುವ ಊರಿಗೇ ಹೋಗಬೇಕಿಲ್ಲ, ನೀವು ವಾಸ ಇರುವ ಜಿಲ್ಲೆಯ ವ್ಯಾಪ್ತಿಯ ಆಯೋಗದಲ್ಲೇ ದೂರು ಹಾಕಬಹುದು. ಬಿಲ್, ರೆಫರಲ್ ಚೀಟಿ, ಡಿಸ್ಚಾರ್ಜ್ ಸಾರಾಂಶ, ಈ ಮೂರನ್ನು ಮಾತ್ರ ಎರಡು ವರ್ಷ ಜೋಪಾನವಾಗಿಡಿ. ದೂರು ಹಾಕಲು ಇರುವ ಗಡುವೂ ಎರಡೇ ವರ್ಷ.